ಎರಡು ಕಣ್ಣಿನ ಕ್ಯಾಮರ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ, ಮಸೂರದ ನಾಭಿದೂರವನ್ನು ಅಳೆಯುವ ಪ್ರಯೋಗ ಮುಗಿದು ತರಗತಿ ಚದರುತ್ತಿದ್ದಾಗ, ನಮ್ಮ ವಿದ್ಯಾರ್ಥಿನಿಯೊಬ್ಬಳು ಹಳೆಯ ಟವೆಲಿನಲ್ಲಿ ಸುತ್ತಿದ್ದ ಗಂಟೊಂದನ್ನು ಮೇಜಿನ ಮೇಲಿಟ್ಟಳು. ಬಿಚ್ಚಿ ನೋಡಿದರೆ ಕಪ್ಪು ಬಣ್ಣದ ಒಂದು ಪೆಟ್ಟಿಗೆ. ಅದರ ಮುಖದಲ್ಲಿ ಒಂದರ ಕೆಳಗೊಂದು ಎರಡು ಗಾಜಿನ ಕಣ್ಣುಗಳು.

"ಇದು ನಮ್ಮ ಅಜ್ಜಿಯ ಅಣ್ಣನದು ಸರ್. ಹುಣಸೂರಿನಲ್ಲಿ ಸ್ಟುಡಿಯೋ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಹನಗೋಡಿನ ನಮ್ಮ ಮನೆಯ ಅಟ್ಟದ ಮೇಲೆ ಇತ್ತು. ಜೊತೆಗೆ ಒಂದು ಟ್ರಂಕು ತುಂಬ ನೆಗೆಟಿವ್ ಇವೆ. ಮನೆ ರಿಪೇರಿ ನಡೀತಿದೆ, ಎಲ್ಲಾನೂ ಗುಜರಿಗೆ ಹಾಕಿಬಿಡೋಣ ಅಂತಾರೆ. ಹಾಕಬಹುದಾ ಸರ್?"

ಪ್ರಶ್ನೆ ಚಿಕ್ಕದು. ಆದರೆ ತಕ್ಕ ಉತ್ತರವನ್ನು ಕೊಡಲು ನಮಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ನಾವು ಕ್ಯಾಮರವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದೆವು; ಹನಗೋಡಿಗೆ ಹೋಗಿ ಟ್ರಂಕನ್ನು ತೆರೆದೆವು. ಇಂತಹ ಕ್ಯಾಮರಗಳೂ ಇಂತಹ ಟ್ರಂಕುಗಳೂ ನಮ್ಮ ನಾಡಿನ ಇನ್ನೆಷ್ಟೋ ಮನೆಗಳ ಅಟ್ಟದ ಮೇಲೆ ಇರಬಹುದಾದುದರಿಂದ, ಅಲ್ಲಿ ಕಂಡುದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರುತ್ತದೆ.

ಕ್ಯಾಮರದ ಕುಲ

ಪೆಟ್ಟಿಗೆಯ ಮುಂಭಾಗದ ಫಲಕದಲ್ಲಿ 'ಯಾಷಿಕಾ ಮ್ಯಾಟ್–124ಜಿ' ಎಂಬ ಹೆಸರಿತ್ತು. ಇದು ಜಪಾನಿನಲ್ಲಿ 1970ರಿಂದ 1986ರವರೆಗೆ ತಯಾರಾದ ಕ್ಯಾಮರ. ಹೆಸರಿನ ಕೊನೆಯ 'ಜಿ' ಅಕ್ಷರ ಚಿನ್ನವನ್ನು ಸೂಚಿಸುತ್ತದೆ. ಒಳಗಿನ ವಿದ್ಯುತ್ ಸಂಪರ್ಕಗಳಿಗೆ ತುಕ್ಕು ಹಿಡಿಯದಂತೆ ಚಿನ್ನದ ಲೇಪ ಕೊಟ್ಟಿದ್ದರಿಂದ ಈ ಅಕ್ಷರ ಸೇರಿತು. ಆದರೆ ಇದರ ಮೂಲಪುರುಷನನ್ನು ಜಪಾನಿನಲ್ಲಲ್ಲ, ಜರ್ಮನಿಯಲ್ಲಿ ಹುಡುಕಬೇಕು. ಬ್ರೌನ್‌ಶ್ವೈಗ್ ನಗರದಲ್ಲಿ ಫ್ರಾಂಕೆ ಮತ್ತು ಹೈಡೆಕೆ ಎಂಬಿಬ್ಬರ ಕಂಪೆನಿ 1929ರಲ್ಲಿ 'ರೋಲೈಫ್ಲೆಕ್ಸ್' ಎಂಬ ಎರಡು ಮಸೂರಗಳ ಪುಟ್ಟ ಕ್ಯಾಮರವನ್ನು ಮಾರುಕಟ್ಟೆಗೆ ತಂದಿತು. ಅದರ ಬೆಲೆ ಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ. ಅದೇ ಮಾದರಿಯನ್ನು ಅನುಸರಿಸಿ, ಬೆಲೆಯನ್ನು ಇಳಿಸಿದವರಲ್ಲಿ ಯಾಷಿಕಾ ಕಂಪೆನಿಯವರು ಪ್ರಮುಖರು; ಅವರ ಮೊದಲ 'ಯಾಷಿಕಾ ಮ್ಯಾಟ್' 1957ರಲ್ಲಿ ಬಂದಿತು. ಬಣ್ಣದ ಚಿಕ್ಕ ಫಿಲ್ಮಿನ ಕ್ಯಾಮರಗಳು ಮದುವೆಯ ಚಪ್ಪರವನ್ನು ಆಕ್ರಮಿಸುವ ತನಕ, ನಮ್ಮ ಊರುಗಳ ಸ್ಟುಡಿಯೋದವರ ಕೊರಳಲ್ಲಿ ಈ ಜಾತಿಯ ಕ್ಯಾಮರಗಳು ತೂಗಾಡುತ್ತಿದ್ದವು.

ಇದಕ್ಕೆ ಹಾಕುವ ಫಿಲ್ಮಿನ ಹೆಸರು '120'. ಇದನ್ನು ಕೊಡಕ್ ಕಂಪೆನಿ 1901ರಷ್ಟು ಹಿಂದೆಯೇ ಹೊರತಂದಿತು. ಇಂದಿಗೂ ಇದು ತಯಾರಾಗುತ್ತಿದೆ. ನಮ್ಮ ನೆರೆಯ ನೀಲಗಿರಿಯ ಊಟಿಯಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ, 1967ರಿಂದ ತಯಾರಿಕೆಯನ್ನಾರಂಭಿಸಿ, 'ಇಂದು' ಎಂಬ ಹೆಸರಿನಲ್ಲಿ ಫಿಲ್ಮುಗಳನ್ನು ಮಾರುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ವಿದ್ಯಾರ್ಥಿನಿಯ ಮನೆಯ ಟ್ರಂಕಿನಲ್ಲಿ 'ಇಂದು' ಫಿಲ್ಮಿನ ಖಾಲಿ ಡಬ್ಬಿಗಳು ಹಲವು ಸಿಕ್ಕಿದವು.

ಎರಡು ಕಣ್ಣು ಏತಕ್ಕೆ?

ಮನುಷ್ಯನಿಗೆ ಎರಡು ಕಣ್ಣುಗಳಿರುವುದು ದೂರದ ಅಂದಾಜಿಗಾಗಿ. ಈ ಕ್ಯಾಮರದ ಎರಡು ಕಣ್ಣುಗಳ ಉದ್ದೇಶ ಅದಲ್ಲ. ಇಲ್ಲಿ ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನ ಕಣ್ಣು ಬರೆದುಕೊಳ್ಳುವುದಕ್ಕೆ. ಕೆಳಗಿನ ಮಸೂರದ ಹಿಂದೆ ಕತ್ತಲೆಯ ಕೋಣೆಯಿದ್ದು, ಅದರ ಹಿಂಗೋಡೆಯಲ್ಲಿ ಫಿಲ್ಮು ಹರಡಿಕೊಂಡಿರುತ್ತದೆ. ಮೇಲಿನ ಮಸೂರದ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿಯಿದೆ. ಒಳಬಂದ ಬೆಳಕು ಆ ಕನ್ನಡಿಗೆ ಬಡಿದು ಮೇಲಕ್ಕೆ ತಿರುಗಿ, ಪೆಟ್ಟಿಗೆಯ ನೆತ್ತಿಯಲ್ಲಿರುವ ಉಜ್ಜಿದ ಗಾಜಿನ ಮೇಲೆ ಬಿಂಬವನ್ನು ಮೂಡಿಸುತ್ತದೆ. ಮುಚ್ಚಳವನ್ನು ಬಿಡಿಸಿ, ಪೆಟ್ಟಿಗೆಯನ್ನು ಎದೆಗೋ ಹೊಟ್ಟೆಗೋ ಒತ್ತಿ ಹಿಡಿದು, ತಲೆ ಬಗ್ಗಿಸಿ ಆ ಗಾಜನ್ನು ನೋಡಬೇಕು.

ಬರಿಯ ಮಸೂರ ಉಂಟುಮಾಡುವ ಬಿಂಬ ತಲೆಕೆಳಗಾಗಿರುತ್ತದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಕನ್ನಡಿಯಿಂದಾಗಿ ಇಲ್ಲಿ ಬಿಂಬ ನೆಟ್ಟಗಾಗುತ್ತದೆ. ಆದರೆ ಎಡಬಲಗಳು ಅದಲುಬದಲಾಗಿಯೇ ಉಳಿಯುತ್ತವೆ. ಬಲದಿಂದ ಬರುವ ಎತ್ತಿನ ಗಾಡಿ ಗಾಜಿನಲ್ಲಿ ಎಡದಿಂದ ಬರುತ್ತದೆ. ಹೊಸಬರು ಗಾಡಿಯ ಹಿಂದೆ ಹೋಗಬೇಕೆಂದು ಕ್ಯಾಮರವನ್ನು ತಿರುಗಿಸಿದಷ್ಟೂ ಗಾಡಿ ಚೌಕಟ್ಟಿನಿಂದ ತಪ್ಪಿಸಿಕೊಳ್ಳುತ್ತದೆ. ನಮ್ಮ ವಿದ್ಯಾರ್ಥಿಗಳು ಇದನ್ನು ಕಂಡು ಸಾಕಷ್ಟು ನಕ್ಕರು.

ಎರಡು ಮಸೂರಗಳ ನಾಭಿದೂರವೂ ಒಂದೇ: 80 ಮಿಲಿಮೀಟರು. ಎರಡನ್ನೂ ಒಂದೇ ತಗಡಿಗೆ ಬಿಗಿದಿದ್ದಾರೆ. ಪಕ್ಕದ ಗುಬುಟನ್ನು ತಿರುಗಿಸಿದರೆ ಆ ತಗಡು ಇಡಿಯಾಗಿ ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆ. ಆದುದರಿಂದ ಮೇಲಿನ ಗಾಜಿನಲ್ಲಿ ಬಿಂಬ ಸ್ಫುಟವಾದಾಗ ಕೆಳಗೆ ಫಿಲ್ಮಿನ ಮೇಲೂ ಅದು ಸ್ಫುಟವಾಗಿಯೇ ಇರುತ್ತದೆ. ಈ ಸರಿದಾಟ ಎಷ್ಟು? ಮಸೂರದ ಸೂತ್ರದಿಂದ ಲೆಕ್ಕ ಹಾಕಬಹುದು. ವಸ್ತು ಬಹು ದೂರದಲ್ಲಿದ್ದಾಗ ಮಸೂರ ಫಿಲ್ಮಿನಿಂದ 80 ಮಿಲಿಮೀಟರು ದೂರವಿರಬೇಕು; ವಸ್ತು 1 ಮೀಟರು ಹತ್ತಿರಕ್ಕೆ ಬಂದರೆ 87 ಮಿಲಿಮೀಟರು. ದಿಗಂತದ ಬೆಟ್ಟದಿಂದ ಎದುರಿಗೆ ಕುಳಿತವರ ಮುಖದವರೆಗಿನ ಅಂತರವನ್ನೆಲ್ಲ ಈ 7 ಮಿಲಿಮೀಟರಿನೊಳಗೆ ಅಡಗಿಸಿದ್ದಾರೆ. ಆ ತಗಡು ಎಷ್ಟು ಕರಾರುವಾಕ್ಕಾಗಿ ಚಲಿಸಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಮೇಲಿನ ಮಸೂರದ ಬಾಯಿ ಕೆಳಗಿನದಕ್ಕಿಂತ ಸ್ವಲ್ಪ ದೊಡ್ಡದು. ಇದರಿಂದ ಗಾಜಿನ ಮೇಲೆ ಹೆಚ್ಚು ಬೆಳಕು ಬೀಳುತ್ತದೆ. ಬಿಂಬ ಸ್ಫುಟವಾಗುವ ಬಿಂದುವೂ ಖಚಿತವಾಗಿ ತಿಳಿಯುತ್ತದೆ. ಆದರೆ ಎರಡು ಕಣ್ಣುಗಳಿಂದ ಒಂದು ತೊಡಕೂ ಉಂಟು. ನೋಡುವ ಕಣ್ಣು ಕೆಲವು ಸೆಂಟಿಮೀಟರು ಮೇಲಿದೆ, ಬರೆಯುವ ಕಣ್ಣು ಕೆಳಗಿದೆ. ದೂರದ ದೃಶ್ಯಕ್ಕೆ ಈ ಅಂತರ ಲೆಕ್ಕಕ್ಕಿಲ್ಲ. ತೀರ ಹತ್ತಿರದ ಚಿತ್ರದಲ್ಲಾದರೋ ಗಾಜಿನಲ್ಲಿ ಕಂಡ ತಲೆಯ ಮೇಲ್ಭಾಗ ಫಿಲ್ಮಿನಲ್ಲಿ ಕತ್ತರಿಸಿಹೋಗಬಹುದು. ನುರಿತ ಕೈಯವರು ಹತ್ತಿರದ ಚಿತ್ರ ತೆಗೆಯುವಾಗ ಕ್ಯಾಮರವನ್ನು ತುಸು ಮೇಲೆತ್ತುತ್ತಿದ್ದುದು ಇದಕ್ಕಾಗಿ.

ಬೆಳಕಿನ ತೂಬು

ಹನಗೋಡಿನಲ್ಲಿ ಲಕ್ಷ್ಮಣತೀರ್ಥ ನದಿಗೆ ಅಡ್ಡಲಾಗಿ ಒಂದು ಅಣೆಕಟ್ಟೆಯಿದೆ. ಇಂತಹ ಕಟ್ಟೆಯಿಂದ ನಾಲೆಗೆ ಹರಿಯುವ ನೀರಿನ ಮೊತ್ತ ಎರಡು ಸಂಗತಿಗಳನ್ನು ಅವಲಂಬಿಸಿದೆ: ತೂಬನ್ನು ಎಷ್ಟು ಅಗಲ ತೆರೆದರು, ಎಷ್ಟು ಹೊತ್ತು ತೆರೆದಿಟ್ಟರು. ಕ್ಯಾಮರದೊಳಕ್ಕೆ ಬೆಳಕು ಬಿಡುವ ರೀತಿಯೂ ಇದೇ. ಮಸೂರದ ನಡುವೆ ನಮ್ಮ ಕಣ್ಣಿನ ಪಾಪೆಯಂತೆ ಹಿಗ್ಗಿ ಕುಗ್ಗುವ ರಂಧ್ರವೊಂದಿದೆ; ಅದರೊಡನೆ ಷಟರೆಂಬ ತೆಳುವಾದ ಲೋಹದ ಎಸಳುಗಳಿವೆ. ರಂಧ್ರ ತೂಬಿನ ಅಗಲ. ಷಟರು ತೆರೆದಿರುವ ಕಾಲ.

ರಂಧ್ರದ ಅಳತೆಯನ್ನು 3.5, 4, 5.6, 8, 11, 16, 22, 32 ಎಂಬ ಸಂಖ್ಯೆಗಳಿಂದ ಸೂಚಿಸುತ್ತಾರೆ. ನಾಭಿದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆಯಿದು. ಆದುದರಿಂದ ಸಂಖ್ಯೆ ಹೆಚ್ಚಿದಷ್ಟೂ ರಂಧ್ರ ಚಿಕ್ಕದು. 4ರಲ್ಲಿ ವ್ಯಾಸ 20 ಮಿಲಿಮೀಟರು, 16ರಲ್ಲಿ 5 ಮಿಲಿಮೀಟರು. ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಷಟರಿನ ಕಾಲವನ್ನು 1 ಸೆಕೆಂಡಿನಿಂದ ಒಂದು ಸೆಕೆಂಡಿನ ಐನೂರನೆಯ ಒಂದು ಭಾಗದವರೆಗೆ ಹತ್ತು ಮೆಟ್ಟಿಲುಗಳಲ್ಲಿ ಆರಿಸಬಹುದು. ಎಸಳುಗಳು ಮಸೂರದ ನಡುವೆಯೇ ಇರುವುದರಿಂದ, ಯಾವ ವೇಗದಲ್ಲಾದರೂ ಒಂದು ಕ್ಷಣ ಫಿಲ್ಮಿಗೆಲ್ಲ ಒಟ್ಟಿಗೆ ಬೆಳಕು ತಲಪುತ್ತದೆ. ಹೀಗಾಗಿ ಎಲ್ಲ ವೇಗಗಳಲ್ಲಿಯೂ ಫ್ಲಾಷ್ ದೀಪವನ್ನು ಬಳಸಬಹುದಾಗಿತ್ತು. ಚಪ್ಪರದ ಕೆಳಗಿನ ಕೆಲಸಕ್ಕೆ ಇದೊಂದು ದೊಡ್ಡ ಅನುಕೂಲ.

ಬಲಬದಿಯ ಹಿಡಿಯನ್ನು ಮುಂದಕ್ಕೆ ತಡೆಯುವವರೆಗೆ ತಿರುಗಿಸಿ ಹಿಂದಕ್ಕೆ ತಂದರೆ ಫಿಲ್ಮು ಒಂದು ಚೌಕದಷ್ಟು ಸರಿದು ಷಟರೂ ಸಜ್ಜಾಗುತ್ತದೆ. ಹಿಡಿಯನ್ನು ತಿರುಗಿಸದೆ ಎರಡನೆಯ ಸಲ ಗುಂಡಿಯೊತ್ತಲು ಬರುವುದಿಲ್ಲ. ಒಂದರ ಮೇಲೊಂದು ಚಿತ್ರ ಬೀಳುವ ಪ್ರಮಾದ ಹೀಗೆ ತಪ್ಪುತ್ತದೆ. ಒಂದು ಸುರುಳಿಗೆ ಹನ್ನೆರಡು ಚಿತ್ರಗಳು ಮಾತ್ರ. ಆದುದರಿಂದ ಪ್ರತಿಯೊಂದು ಒತ್ತುವಿಕೆಗೂ ಮುನ್ನ ಆಲೋಚನೆ ಅಗತ್ಯವಾಗಿತ್ತು.

ಪಾದರಸದ ಕೋಶ

ಕ್ಯಾಮರದ ಮುಂಭಾಗದಲ್ಲಿ ಬೆಳಕನ್ನು ಅಳೆಯುವ ಮಾಪಕವೊಂದಿದೆ. ನೆತ್ತಿಯ ಮುಚ್ಚಳವನ್ನು ತೆರೆದೊಡನೆ ಅದು ಎಚ್ಚರಗೊಳ್ಳುತ್ತದೆ. ಅದರ ಹೃದಯ ಕ್ಯಾಡ್ಮಿಯಮ್ ಸಲ್ಫೈಡ್ ಎಂಬ ಪದಾರ್ಥ; ಬೆಳಕು ಬಿದ್ದಷ್ಟೂ ಅದರ ವಿದ್ಯುತ್ ರೋಧ ಕಡಿಮೆಯಾಗಿ, ಹರಿಯುವ ವಿದ್ಯುತ್ತು ಮುಳ್ಳನ್ನು ಸರಿಸುತ್ತದೆ. ರಂಧ್ರವನ್ನೂ ಕಾಲವನ್ನೂ ಬದಲಿಸುವ ಚಕ್ರಗಳು ಇನ್ನೊಂದು ಮುಳ್ಳನ್ನು ಚಲಿಸುತ್ತವೆ. ಎರಡು ಮುಳ್ಳುಗಳೂ ಒಂದರ ಮೇಲೊಂದು ಬಂದರೆ ಬೆಳಕಿನ ಲೆಕ್ಕ ಸರಿಯಾಯಿತೆಂದು ಅರ್ಥ.

ಈ ಮಾಪಕವನ್ನು 1.35 ವೋಲ್ಟಿನ ಪಾದರಸದ ಕೋಶಕ್ಕೆ ಹೊಂದಿಸಿದ್ದಾರೆ. ಕೋಶ ತೀರುವವರೆಗೂ ವೋಲ್ಟೇಜು ಬಹುಮಟ್ಟಿಗೆ ಒಂದೇ ಸಮನಾಗಿರುವುದು ಅದರ ಗುಣ. ಆದರೆ ಪಾದರಸ ಘೋರ ವಿಷ. ಜಪಾನಿನ ಮಿನಮಾಟ ಎಂಬ ಕಡಲತೀರದ ಊರಿನಲ್ಲಿ, ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ದೇಹವನ್ನು ಸೇರಿ ನರಗಳನ್ನು ನಾಶಮಾಡಿದ ಸಂಗತಿ 1956ರಲ್ಲಿ ಬೆಳಕಿಗೆ ಬಂತು. ಆ ಊರಿನ ಹೆಸರಿನಲ್ಲಿಯೇ 2013ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಪಾದರಸದ ಕೋಶಗಳು ಈಗ ಅಂಗಡಿಗಳಲ್ಲಿ ಇಲ್ಲ, ಇಲ್ಲದಿರುವುದು ಒಳ್ಳೆಯದೇ.

ಅದರ ಬದಲು 1.5 ವೋಲ್ಟಿನ ಸಾಮಾನ್ಯ ಕೋಶವನ್ನು ಹಾಕಿದರೆ ಮುಳ್ಳು ಇರುವುದಕ್ಕಿಂತ ಹೆಚ್ಚು ಬೆಳಕನ್ನು ತೋರಿಸುತ್ತದೆ. ಅದನ್ನು ನಂಬಿ ರಂಧ್ರವನ್ನು ಕಿರಿದುಮಾಡಿದವರ ನೆಗೆಟಿವ್ ತೆಳುವಾಗಿ ಬರುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ ಸತು–ಗಾಳಿ ಕೋಶದ ವೋಲ್ಟೇಜು 1.4ರ ಆಸುಪಾಸಿನಲ್ಲಿರುವುದರಿಂದ ನಾವು ಅದನ್ನು ಉಪಯೋಗಿಸಿದೆವು. ಅಳತೆಯಲ್ಲಿ ಅದು ಚಿಕ್ಕದು; ಸುತ್ತಲೂ ಒಂದು ರಬ್ಬರು ಬಳೆ ತೊಡಿಸಿ ಕೂರಿಸಬೇಕಾಯಿತು.

ಷಟರಿನ ಪರೀಕ್ಷೆ ಇನ್ನೂ ಸ್ವಾರಸ್ಯಕರವಾಗಿತ್ತು. ಹಿಂಬಾಗಿಲನ್ನು ತೆರೆದು, ಮುಂದೆ ಟಾರ್ಚನ್ನೂ ಹಿಂದೆ ಬೆಳಕಿಗೆ ಪ್ರತಿಕ್ರಿಯಿಸುವ ಟ್ರಾನ್ಸಿಸ್ಟರನ್ನೂ ಇಟ್ಟು, ಅದನ್ನು ಆಸಿಲೋಸ್ಕೋಪಿಗೆ ಜೋಡಿಸಿದೆವು. ಗುಂಡಿಯೊತ್ತಿದಾಗ ಪರದೆಯ ಮೇಲೆ ಮೂಡುವ ಗುಡ್ಡದ ಅಗಲವೇ ಷಟರು ತೆರೆದಿದ್ದ ಕಾಲ. ನಡುವಣ ವೇಗಗಳು ಸರಿಯಾಗಿಯೇ ಇದ್ದವು. ಅತಿ ವೇಗದ ಮೆಟ್ಟಿಲು ಕೊಂಚ ಸೋಮಾರಿಯಾಗಿತ್ತು. 1 ಸೆಕೆಂಡಿನ ಮೆಟ್ಟಿಲಿನಲ್ಲಿ ಮಾತ್ರ ಎಸಳುಗಳು ತೆರೆದವು ಮುಚ್ಚಲೇ ಇಲ್ಲ. ನಿಧಾನದ ವೇಗಗಳನ್ನು ನಿಯಂತ್ರಿಸುವುದು ಗಡಿಯಾರದಲ್ಲಿರುವಂತಹ ಪುಟ್ಟ ಹಲ್ಲುಚಕ್ರಗಳ ಸಾಲು. ಹಳೆಯ ಎಣ್ಣೆ ಅದರಲ್ಲಿ ಅಂಟಾಗಿತ್ತು. ಇದನ್ನು ನಾವೇ ಬಿಚ್ಚುವ ಸಾಹಸಕ್ಕೆ ಹೋಗದೆ ಮೈಸೂರಿನ ರಿಪೇರಿಯವರೊಬ್ಬರಿಗೆ ಕೊಟ್ಟೆವು.

ಚೌಕದ ಅಂಚು

ಕ್ಯಾಮರ ಸಿದ್ಧವಾದ ಮೇಲೆ ಒಂದು ಭಾನುವಾರ ಹೊಸ ಸುರುಳಿಯೊಡನೆ ಹನಗೋಡಿಗೆ ಹೋದೆವು. ಅಣೆಕಟ್ಟೆಯ ಮೇಲೆ ಹಾಯುವ ನೀರಿನ ಚಿತ್ರಗಳನ್ನು ತೆಗೆದು ವಿದ್ಯಾರ್ಥಿನಿಯ ಮನೆಗೆ ಬಂದೆವು. ನಡುಮನೆಯ ಗೋಡೆಯ ಮೇಲೆ ಆಕೆಯ ಅಜ್ಜ–ಅಜ್ಜಿಯರ ಮದುವೆಯ ಪಟವಿತ್ತು: ಮನೆಯ ಮುಂದೆ, ಬಾಸಿಂಗ ಕಟ್ಟಿಕೊಂಡು ನಿಂತ ಗಂಡು ಹೆಣ್ಣು; 1978ರ ಮದುವೆ. ಚಿತ್ರ ತೆಗೆದವರು ಹೆಣ್ಣಿನ ಅಣ್ಣ, ಕ್ಯಾಮರ ನಮ್ಮ ಕೈಯಲ್ಲಿದ್ದದ್ದೇ. ಮಾತಿನ ನಡುವೆ ಅಜ್ಜ, "ನಮ್ಮವ್ವಂದು ಒಂದು ಫೋಟೋನೂ ಇಲ್ಲ ಕಣಪ್ಪ. ಮದುವೆಯಾದ ಎರಡು ವರ್ಷಕ್ಕೆ ಹೋಗ್ಬುಟ್ಲು. ಮುಖ ಮರೆತಂಗಾಗ್ತದೆ" ಎಂದರು. ಅವರ ತಂದೆ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಗಂಡ ಸತ್ತ ಹೆಂಗಸು ಮದುವೆಯ ಪಟದಲ್ಲಿ ನಿಲ್ಲುವ ಪದ್ಧತಿ ಆಗ ಇರಲಿಲ್ಲ.

ಟ್ರಂಕನ್ನು ತೆರೆದೆವು. ನೆಗೆಟಿವ್‌ಗಳು ಹಳೆಯ ಲಕೋಟೆಗಳಲ್ಲಿ, ಮೇಲೆ ಊರು ತಾರೀಕು ಬರೆದು, ಕ್ರಮವಾಗಿಯೇ ಇದ್ದವು. ಮದುವೆಯ ಲಕೋಟೆ ಸಿಕ್ಕಿತು. ಗೋಡೆಯ ಪಟದ ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿದಾಗ, ಪಟದಲ್ಲಿ ಇಲ್ಲದ ಒಂದು ಆಕೃತಿ ಅದರ ಅಂಚಿನಲ್ಲಿ ಕಾಣಿಸಿತು.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕಾದರೆ ಈ ಕ್ಯಾಮರದ ಮುಖ್ಯ ಗುಣವನ್ನು ಗಮನಿಸಬೇಕು. ಇದರ ನೆಗೆಟಿವ್ ಚೌಕವಾದದ್ದು. ಹೆಸರಿಗೆ 6 ಸೆಂಟಿಮೀಟರು, ನಿಜವಾಗಿ ಪ್ರತಿಯೊಂದು ಬದಿಯೂ ಸುಮಾರು 56 ಮಿಲಿಮೀಟರು. ಎದೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ನೋಡುವ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಉಪಯೋಗಿಸುವುದು ಕಷ್ಟ. ಚೌಕವಾದರೆ ಆ ತೊಂದರೆಯೇ ಇಲ್ಲ. ಉದ್ದ ಚಿತ್ರ ಬೇಕೋ ಅಡ್ಡ ಚಿತ್ರ ಬೇಕೋ ಎಂಬುದನ್ನು ಕತ್ತಲೆಕೋಣೆಯಲ್ಲಿ ಮುದ್ರಿಸುವಾಗ ನಿಶ್ಚಯಿಸಬಹುದು. ಕಾಗದ ಚೌಕವಲ್ಲದ್ದರಿಂದ ಚೌಕದ ಒಂದು ಭಾಗ ಯಾವಾಗಲೂ ಮುದ್ರಣದಿಂದ ಹೊರಗುಳಿಯುತ್ತದೆ.

ಲೆಕ್ಕ ಮಾಡಿ ನೋಡೋಣ. ವಧೂವರರು ಕ್ಯಾಮರದಿಂದ 4 ಮೀಟರು ದೂರದಲ್ಲಿ ನಿಂತಿದ್ದರೆಂದರೆ, ಆ ದೂರದಲ್ಲಿ ಚೌಕದೊಳಗೆ ಬರುವ ಅಗಲ ಸುಮಾರು 2.7 ಮೀಟರು. ಎತ್ತರ ಮೂರು ಪಾಲು, ಅಗಲ ಎರಡು ಪಾಲು ಇರುವ ಪಟವಾಗಿ ಮುದ್ರಿಸಿದರೆ 1.8 ಮೀಟರು ಅಗಲ ಮಾತ್ರ ಉಳಿಯುತ್ತದೆ. ಎರಡೂ ಪಕ್ಕಗಳಲ್ಲಿ ಸುಮಾರು 45 ಸೆಂಟಿಮೀಟರಿನಷ್ಟು ಜಾಗ ಕತ್ತರಿಗೆ ಹೋಗುತ್ತದೆ. ಒಬ್ಬ ಹೆಂಗಸು ಬಾಗಿಲ ಪಕ್ಕದಲ್ಲಿ ನಿಲ್ಲುವುದಕ್ಕೆ ಅಷ್ಟು ಸಾಕು. ಫೋಟೋಗ್ರಾಫರು ಆಕೆಯನ್ನು ಉಜ್ಜಿದ ಗಾಜಿನಲ್ಲಿ ಕಂಡೇ ಇದ್ದಿರಬೇಕು. ಹೇಗೂ ಅಂಚು ಪಟದಲ್ಲಿ ಬರುವುದಿಲ್ಲವೆಂದು ಸುಮ್ಮನಾಗಿರಬೇಕು.

ಆಕೃತಿಯೇನೋ ಸಿಕ್ಕಿತು. ಮುಖ ತಿಳಿಯುವುದೇ? ಆಕೆ ವಧೂವರರಿಗಿಂತ ಸ್ವಲ್ಪ ಹಿಂದೆ, ಸುಮಾರು 5 ಮೀಟರು ದೂರದಲ್ಲಿದ್ದರು. ಮಸೂರವನ್ನು 4 ಮೀಟರಿಗೆ ಹೊಂದಿಸಿ ರಂಧ್ರವನ್ನು 11ರಲ್ಲಿ ಇಟ್ಟಿದ್ದರೆ, ಹೆಚ್ಚುಕಡಿಮೆ 3ರಿಂದ 6 ಮೀಟರಿನವರೆಗಿನ ಎಲ್ಲವೂ ಒಪ್ಪುವಷ್ಟು ಸ್ಫುಟವಾಗಿರುತ್ತವೆ. 22 ಸೆಂಟಿಮೀಟರು ಉದ್ದದ ಮುಖ 5 ಮೀಟರು ದೂರದಿಂದ ಫಿಲ್ಮಿನ ಮೇಲೆ 3.6 ಮಿಲಿಮೀಟರು ಆಗುತ್ತದೆ. ಒಂದು ಕೊತ್ತಂಬರಿ ಬೀಜದಷ್ಟು. ಮಸೂರವೂ ಫಿಲ್ಮೂ ಸೇರಿ ಒಂದು ಮಿಲಿಮೀಟರಿನಲ್ಲಿ 50 ಜೊತೆ ಕಪ್ಪುಬಿಳಿ ಗೆರೆಗಳನ್ನು ಬೇರ್ಪಡಿಸಬಲ್ಲವೆಂದು ಇಟ್ಟುಕೊಂಡರೆ, ಆ ಬೀಜದೊಳಗೆ 180 ಜೊತೆ ಗೆರೆಗಳಷ್ಟು ವಿವರ ಅಡಗಿದೆ. ಹತ್ತು ಪಟ್ಟು ಹಿಗ್ಗಿಸಿದರೆ ಮುಖ 36 ಮಿಲಿಮೀಟರು, ಅಂದರೆ ಪಾಸ್‌ಪೋರ್ಟು ಚಿತ್ರದ ಮುಖದಷ್ಟಾಗುತ್ತದೆ. ಆಗಲೂ ಒಂದು ಮಿಲಿಮೀಟರಿಗೆ 5 ಜೊತೆ ಗೆರೆಗಳು ಉಳಿಯುತ್ತವೆ. ಕೈಯಳತೆಯ ದೂರದಲ್ಲಿ ನಮ್ಮ ಕಣ್ಣು ಇದಕ್ಕಿಂತ ಸೂಕ್ಷ್ಮವಾದುದನ್ನು ಕಾಣುವುದು ಕಷ್ಟ.

ಅದೇ ಸ್ಥಳದಲ್ಲಿ ನಿಂತು, 50 ಮಿಲಿಮೀಟರು ಮಸೂರವುಳ್ಳ ಚಿಕ್ಕ ಫಿಲ್ಮಿನ ಕ್ಯಾಮರದಿಂದ ತೆಗೆದಿದ್ದರೆ ಮುಖ 2.2 ಮಿಲಿಮೀಟರು ಮಾತ್ರ ಇರುತ್ತಿತ್ತು. ಚಿಕ್ಕ ಫಿಲ್ಮಿನ ಚಿತ್ರದ ವಿಸ್ತೀರ್ಣ 864 ಚದರ ಮಿಲಿಮೀಟರು; ಈ ಚೌಕದ್ದು 3,136. ಮೂರೂವರೆ ಪಟ್ಟಿಗೂ ಹೆಚ್ಚು. ದೊಡ್ಡ ನೆಗೆಟಿವ್ ತೆಗೆದವನು ನೋಡಿದುದನ್ನಷ್ಟೇ ಅಲ್ಲ, ತೆಗೆದವನು ಬೇಡವೆಂದುದನ್ನೂ ಉಳಿಸಿಕೊಂಡಿರುತ್ತದೆ.

ಲೆಕ್ಕ ಕಾಗದದ ಮೇಲಿನದು. ಕೈಯ ಅಲುಗಾಟ, ಧೂಳು, ವಯಸ್ಸು ಅದರಲ್ಲಿ ಒಂದು ಪಾಲನ್ನು ಕಿತ್ತುಕೊಳ್ಳುತ್ತವೆ. ಹಾಗಿದ್ದರೂ, ನೆಗೆಟಿವನ್ನು ಕೆಳಗಿನಿಂದ ಬೆಳಗಿಸಿದ ಹಾಲುಗಾಜಿನ ಮೇಲಿಟ್ಟು ಡಿಜಿಟಲ್ ಕ್ಯಾಮರದಿಂದ ಅಂಚಿನ ಭಾಗವನ್ನು ಮಾತ್ರ ಸೆರೆಹಿಡಿದು, ಕಪ್ಪುಬಿಳುಪನ್ನು ತಿರುಗಿಸಿದಾಗ, ಬಾಗಿಲ ಕಂಬಕ್ಕೆ ಒಂದು ಕೈಯನ್ನು ಊರಿ, ಇನ್ನೊಂದು ಕೈಯಲ್ಲಿ ಸೆರಗಿನ ತುದಿಯನ್ನು ಹಿಡಿದು ಮಗನ ಕಡೆಗೆ ನೋಡುತ್ತಿರುವ ಹೆಂಗಸಿನ ಮುಖ ಪರದೆಯ ಮೇಲೆ ಮೂಡಿತು.

ಕಾಪಾಡುವ ಬಗೆ

ಆದರೆ ಅದೇ ಟ್ರಂಕಿನ ತಳದ ಲಕೋಟೆಗಳಿಂದ ಹುಳಿಯಾದ ವಾಸನೆ ಬರುತ್ತಿತ್ತು. ಆ ಕಾಲದ ಫಿಲ್ಮುಗಳ ಆಧಾರ ಸೆಲ್ಯುಲೋಸ್ ಅಸಿಟೇಟ್. ಸೆಕೆ ಮತ್ತು ತೇವದಲ್ಲಿ ಅದು ಒಡೆದು ಅಸಿಟಿಕ್ ಆಮ್ಲವನ್ನು, ಎಂದರೆ ವಿನಿಗರಿನ ಹುಳಿಯನ್ನು ಬಿಡುತ್ತದೆ. ಆ ಆಮ್ಲವೇ ಮುಂದಿನ ಕೊಳೆತಕ್ಕೆ ವೇಗ ಕೊಡುತ್ತದೆ. ಫಿಲ್ಮು ಕುಗ್ಗಿ, ಮೇಲಿನ ಜೆಲಟಿನ್ ಪದರ ಸುಕ್ಕುಗಟ್ಟಿ ಏಳುತ್ತದೆ. ಒಮ್ಮೆ ಆರಂಭವಾದುದನ್ನು ಹಿಂದಿರುಗಿಸಲಾಗದು, ನಿಧಾನಗೊಳಿಸಬಹುದು. ಜೊತೆಗೆ ಜೆಲಟಿನ್ ಬೂಷ್ಟಿಗೆ ಒಳ್ಳೆಯ ಆಹಾರ. ಕಾಡಿನ ಅಂಚಿನ ಹನಗೋಡಿನ ಮಳೆಗಾಲ, ಹೆಂಚಿನ ಕೆಳಗಿನ ಅಟ್ಟದ ಬೇಸಗೆ, ಇವೆರಡೂ ಸೇರಿದರೆ ನೆಗೆಟಿವ್‌ಗೆ ಬೇರೆ ಶತ್ರು ಬೇಕಿಲ್ಲ.

ಆದುದರಿಂದ ಇಂತಹ ಟ್ರಂಕು ಸಿಕ್ಕವರು ಮೊದಲು ವಾಸನೆ ನೋಡಬೇಕು. ಹುಳಿ ಹಿಡಿದವನ್ನು ಪ್ರತ್ಯೇಕಿಸಿ, ಮೊದಲು ಅವುಗಳನ್ನೇ ಪ್ರತಿಮಾಡಿಕೊಳ್ಳಬೇಕು. ಕಾಯುವಷ್ಟು ಕಾಲ ಅವಕ್ಕಿಲ್ಲ. ನೀರಿನಿಂದ ತೊಳೆಯಬಾರದು, ಬಿಸಿಲಿಗೆ ಹಾಕಬಾರದು, ಮುಖವನ್ನು ಬೆರಳಿನಿಂದ ಮುಟ್ಟದೆ ಅಂಚನ್ನು ಮಾತ್ರ ಹಿಡಿಯಬೇಕು. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ತುರುಕುವುದರ ಬದಲು ಒಂದೊಂದನ್ನೂ ಕಾಗದದ ಲಕೋಟೆಯಲ್ಲಿಟ್ಟು, ಅಟ್ಟದಿಂದ ಇಳಿಸಿ, ಮನೆಯ ತಂಪಾದ ಒಣ ಜಾಗದಲ್ಲಿಡಬೇಕು. ಲಕೋಟೆಯ ಮೇಲಿನ ಬರಹವನ್ನು ಎಸೆಯಬಾರದು. ಊರು ಮತ್ತು ತಾರೀಕು ಇಲ್ಲದ ಮುಖ ಬಹುಬೇಗ ಅನಾಮಿಕವಾಗುತ್ತದೆ.

ಗುಜರಿಗೆ ಹೋದ ಫಿಲ್ಮಿನಿಂದ ಬೆಳ್ಳಿಯನ್ನು ತೆಗೆಯುವವರಿದ್ದಾರೆ. ಬೆಳ್ಳಿ ಬೇರೆಡೆಯೂ ಸಿಕ್ಕೀತು. ಕಾಕನಕೋಟೆಯ ಆನೆ ಹಿಡಿಯುವ ಖೆಡ್ಡಾ 1971ರಲ್ಲಿ ಕೊನೆಯದಾಗಿ ನಡೆಯಿತು. ಅದನ್ನು ಇನ್ನು ಯಾರೂ ಚಿತ್ರ ತೆಗೆಯಲಾರರು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆಯ ಸ್ಟುಡಿಯೋದವರು ತೆಗೆದ ಜಾತ್ರೆ, ಹೊಗೆಸೊಪ್ಪಿನ ಬ್ಯಾರನ್, ಶಾಲೆಯ ಗುಂಪು, ಮದುವೆ, ಇವುಗಳ ಮಾತೂ ಹಾಗೆಯೇ. ಮುಖ್ಯರೆನಿಸಿದವರು ಚೌಕದ ನಡುವೆ ನಿಂತಿದ್ದಾರೆ, ಉಳಿದವರು ಅಂಚಿನಲ್ಲಿದ್ದಾರೆ.

ಮುದ್ರಿಸಿದ ಪಟವನ್ನು ವಿದ್ಯಾರ್ಥಿನಿ ಮನೆಗೆ ಒಯ್ದಳು. ಮುಂದಿನ ವಾರ ನಾವು ವಿಚಾರಿಸಿದಾಗ, ಅಜ್ಜ ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದು ಕುಳಿತಿದ್ದರೆಂದೂ, ಆಮೇಲೆ "ಹೂಂ, ನಮ್ಮವ್ವ ಹಿಂಗೇ ನಿಂತ್ಕೊಳ್ಳೋಳು" ಎಂದಷ್ಟೇ ಹೇಳಿದರೆಂದೂ ತಿಳಿಸಿದಳು. ಪಟ ಈಗ ಮದುವೆಯ ಪಟದ ಪಕ್ಕದಲ್ಲಿದೆ. ಟ್ರಂಕು ಗುಜರಿಗೆ ಹೋಗಲಿಲ್ಲ.